ಹಗ್ಗ ತರಲು ಹೋದ ತೀರ್ಪುಗಾರ

ನಮ್ಮ ಬೀದಿಯಲ್ಲಿ ಹೋದ ವರ್ಷ ಮೂರು ಮನೆಯವರು ಪರದೇಶ ನೋಡಿಕೊಂಡು ಬಂದರು. ಎದುರು ಮನೆಯವರು ದುಬೈಗೆ ಹೋಗಿ ಖರ್ಜೂರ ತಂದರು. ಮೂಲೆ ಮನೆಯ ದಂಪತಿ ಸಿಂಗಪುರಕ್ಕೆ ಹೋಗಿ ಎಲ್ಲರಿಗೂ ಕೀಚೈನು ಹಂಚಿದರು. ನಾನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು ಸುತ್ತಿ, ಒಯ್ದಿದ್ದ ಸೂಟ್‌ಕೇಸನ್ನೂ ಅಲ್ಲೇ ಬಿಟ್ಟು, ಕೈಬೀಸಿಕೊಂಡು ಬಂದೆ. ಅದು ಹೇಗೆ ಪರದೇಶವಾಗುತ್ತದೆ, ಕರ್ನಾಟಕದಲ್ಲೇ ಇದೆಯಲ್ಲ ಎಂದು ಮೂಲೆ ಮನೆಯವರು ತಕರಾರು ತೆಗೆದರು. ಮಳವಳ್ಳಿಯಲ್ಲಿ ಹುಟ್ಟಿ, ಅಲ್ಲೇ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಡ್ರಿಲ್ ಮಾಡಿಸಿ, ಅಲ್ಲೇ ನಿವೃತ್ತನಾದ ನನ್ನಂಥವನಿಗೆ ಹರಿಹರ ದಾಟಿದರೆ ಪರದೇಶವೇ. ಮುದ್ದೆ ಸಿಗದ ಊರಿಗೆ ಬೇರೆ ಇನ್ನೇನು ಹೆಸರಿಡಲಿ?

ಹೋದದ್ದು ಹಗ್ಗಜಗ್ಗಾಟದ ತೀರ್ಪುಗಾರನಾಗಿ. ಆ ಕಡೆಯ ಐದು ಯುವಕ ಸಂಘಗಳು ಸೇರಿ ವರ್ಷಕ್ಕೊಂದು ಪಂದ್ಯ ನಡೆಸುತ್ತವೆ. ಒಂದು ಸಂಘ ಸೂಚಿಸಿದ ತೀರ್ಪುಗಾರನನ್ನು ಇನ್ನೊಂದು ಸಂಘ ಒಪ್ಪುವುದಿಲ್ಲವಂತೆ. ಅದಕ್ಕೇ ಯಾರ ಕಡೆಯವನೂ ಅಲ್ಲದ, ಯಾರ ಮಾತೂ ನೆಟ್ಟಗೆ ಅರ್ಥವಾಗದ ಒಬ್ಬನನ್ನು ಹುಡುಕುತ್ತಿದ್ದರು. ದಾಂಡೇಲಿಯಲ್ಲಿ ಕೆಲಸಕ್ಕಿದ್ದ ನನ್ನ ಹಳೇ ಶಿಷ್ಯನೊಬ್ಬ ನನ್ನ ಹೆಸರು ಹೇಳಿ, ತಾನು ವರ್ಗ ಮಾಡಿಸಿಕೊಂಡು ಹೊರಟುಹೋದ.

ನನ್ನ ಹೆಂಡತಿ ಸರೋಜ ತನ್ನ ತವರಿನ ನೀಲಿ ಸೂಟ್‌ಕೇಸು ಕೊಟ್ಟಳು. ಅದರಲ್ಲಿ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ, ನನ್ನ ಸೀಟಿ, ಒಂದು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ ಇದ್ದವು. ಮುಚ್ಚಳದ ಮೇಲೆ 'ಪುಟ್ಟಸ್ವಾಮಿ, ಡ್ರಿಲ್ ಮೇಷ್ಟ್ರು, ಮಳವಳ್ಳಿ' ಎಂದು ಬಿಳಿ ಬಣ್ಣದಲ್ಲಿ ದಪ್ಪಗೆ ಬರೆಸಿದಳು. "ಇಷ್ಟು ದೊಡ್ಡದಾಗಿ ಬರೆದರೆ ಯಾವ ಕಳ್ಳನೂ ಮುಟ್ಟಲ್ಲ" ಎಂದಳು. ಕಳ್ಳರು ಮುಟ್ಟಲಿಲ್ಲ ಎನ್ನುವುದೇನೋ ನಿಜ.

ಗುರುವಾರ: ದಾಂಡೇಲಿ, ಅಂಬೇವಾಡಿ

ಧಾರವಾಡದಿಂದ ಬಸ್ಸು ಹಳಿಯಾಳದ ಮೇಲೆ ಹಾದು ದಾಂಡೇಲಿ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಇಳಿದ ಕೂಡಲೇ ಮೂರು ಜನ ಒಬ್ಬರಾದ ಮೇಲೊಬ್ಬರು ಬಂದು, "ರಾಫ್ಟಿಂಗಿಗೆ ಬಂದೀರೇನ್ರಿ?" ಎಂದು ಕೇಳಿದರು. ಅರವತ್ತೊಂದು ವರ್ಷದ ನನ್ನ ಹೊಟ್ಟೆಯನ್ನು ನೋಡಿಯೂ ಹಾಗೆ ಕೇಳಿದ್ದಕ್ಕೆ ಒಳಗೊಳಗೇ ಹಿಗ್ಗಾಯಿತು.

ಪಂದ್ಯ ರವಿವಾರ, ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿ. ಅಲ್ಲಿನ ಸಂಘದ ಕಾರ್ಯದರ್ಶಿ ಬಸವರಾಜ. ಅವನ ಅಜ್ಜ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದವರು. ಸಂಘಕ್ಕಿರುವುದು ಒಂದೇ ಕೋಣೆ. ಬೆಳಿಗ್ಗೆ ಅಲ್ಲಿ ಪೇಪರು ಓದುತ್ತಾರೆ, ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ, ರವಿವಾರ ಓಣಿಯ ಸೈಕಲ್ಲುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆ. ಗೋಡೆಗೆ ರಕ್ತದಾನ ಮಾಡುವವರ ಪಟ್ಟಿ ಅಂಟಿಸಿದ್ದರು. ನಮ್ಮೂರ ಯುವಕ ಸಂಘ ನೆನಪಾಯಿತು. ಅದು ಮಾಡುವ ಕಾರ್ಯಕ್ರಮ ಒಂದೇ, ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುವುದು. ಸದಸ್ಯರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಅದರಲ್ಲಿ ನಿಂತಿರುತ್ತಾರೆ.

"ಎಲ್ಲಾ ತಯಾರಿ ಆಗೇತ್ರಿ ಸರ. ಹಗ್ಗ ಒಂದ ಬರಬೇಕು" ಎಂದ ಬಸವರಾಜ.

ಇನ್ನೊಂದು ಹಗ್ಗ ತಂದರಾಯಿತಲ್ಲ ಎಂದೆ. ಕೋಣೆಯಲ್ಲಿದ್ದವರೆಲ್ಲ ನನ್ನನ್ನು ಕೆಟ್ಟ ಮಾತಾಡಿದವನಂತೆ ನೋಡಿದರು. ಅದು ಪುಂಡಿ ಗಿಡದ ನಾರಿನ ಹಗ್ಗ. ಸಂಘಗಳು ನಾಲ್ಕೇ ಇದ್ದ ಕಾಲದಲ್ಲಿ ಒಂದೊಂದು ಸಂಘವೂ ಒಂದೊಂದು ಎಳೆ ಹೊಸೆದು, ನಾಲ್ಕೂ ಸೇರಿಸಿ ಹುರಿ ಮಾಡಿದ್ದು. ಬೇರೆ ಹಗ್ಗದಲ್ಲಿ ಗೆದ್ದರೆ ಅದನ್ನು ಗೆಲುವೆಂದು ಯಾರೂ ಒಪ್ಪುವುದಿಲ್ಲ. ಈ ಹಗ್ಗಕ್ಕೆ ಎರಡು ನಿಯಮ. ಯಾವ ಸಂಘ ಅದನ್ನು ಒಯ್ದರೂ, ಹಗ್ಗ ಕೊಟ್ಟವರ ಬಳಿ ತನ್ನ ಬೆಲೆಬಾಳುವ ಸಾಮಾನೊಂದನ್ನು ಒತ್ತೆ ಇಡಬೇಕು. ಒತ್ತೆ ವಾಪಸಾದರೆ ಹಗ್ಗ ವಾಪಸು. ಎರಡನೆಯದು, ಪಂದ್ಯಕ್ಕೆ ಮೊದಲಿನ ವಾರ ಅದನ್ನು ಯಾರೂ ಜಗ್ಗಿ ತಾಲೀಮು ಮಾಡುವಂತಿಲ್ಲ. ಮಾಡಿದ ತಂಡ ಪಂದ್ಯದಿಂದ ಹೊರಗೆ. ಹೀಗಾಗಿ ಆ ವಾರ ಹಗ್ಗ ತರುವುದು ತೀರ್ಪುಗಾರನ ಕೆಲಸ.

"ಹಗ್ಗ ಹಳಿಯಾಳದಾಗ ಐತ್ರಿ. ಫೋನ್ ಮಾಡೇನಿ, ಇಲ್ಲೇ ಐತಿ ಬರ್ರಿ ಅಂದಾರ. ಇದು ಅವರ ಒತ್ತೆ" ಎಂದು ಬಸವರಾಜ ಮೂಲೆಗೆ ಕೈತೋರಿಸಿದ. ಅಲ್ಲಿ ನೂರು ಜನಕ್ಕೆ ಅನ್ನ ಬೇಯಿಸುವ ಒಂದು ಹಂಡೆ ಕುಳಿತಿತ್ತು. ಬೆಳಿಗ್ಗೆ ದಾಟಿಬಂದ ಹಳಿಯಾಳಕ್ಕೇ ಹಂಡೆ ಹೊತ್ತು ಮರಳಬೇಕೆಂದು ತಿಳಿದು ನನ್ನ ಮುಖ ಸಪ್ಪಗಾಯಿತು.

ಆಗ ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದಳು. ಎತ್ತರದ ಆಳು, ಗುಂಗುರು ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಹೆಸರು ಜಸಿಂತಾ. ಮುಂಡಗೋಡ ಕಡೆಯ ಕಾಡಂಚಿನ ಸಿದ್ದಿಯರ ಊರಿನವಳು, ಐದನೇ ಸಂಘದ ಕಾರ್ಯದರ್ಶಿ. ಹೆಂಗಸರ ತಂಡದ ಹೆಸರುಪಟ್ಟಿ ಕೊಡಲು ಬಂದಿದ್ದಳು.

"ಸರ, ಏನರ ಮಾಡಿ ಹಗ್ಗ ತರ್ರಿ. ಹೆಂಗಸರದ್ದೂ ಪಂದ್ಯ ಇಡ್ರಿ ಅಂತ ಮೂರು ವರ್ಷ ಜಗಳಾಡೇನಿ. ಈ ವರ್ಷ ಮೊದಲನೇ ಸಲ ಇಟ್ಟಾರ. ಹಗ್ಗ ಬರಲಿಲ್ಲಂದ್ರ ಗಂಡಸರು ವಾಲಿಬಾಲ್ ಆಡಿ ಮನಿಗೆ ಹೋಗ್ತಾರ, ನಮಗ ಮುಂದಿನ ವರ್ಷ ನೋಡೂಣು ಅಂತಾರ. ಮುಂದಿನ ವರ್ಷ ನಾ ಇರೂದಿಲ್ರಿ."

"ಅಯ್ಯೋ, ಯಾಕಮ್ಮ?" ಎಂದೆ ಗಾಬರಿಯಾಗಿ.

"ಮೂವತ್ತು ತುಂಬತಾವ್ರಿ. ಸಂಘದ ರಿಜಿಸ್ಟರ್‌ದಾಗ ಇಪ್ಪತ್ತೊಂಬತ್ತರ ತನಕಾ ಅಷ್ಟ."

ಪ್ರಾಣ ಹೋದರೂ ಹಗ್ಗ ತರುತ್ತೇನೆ ಎಂದು ಮಾತು ಕೊಟ್ಟೆ. ಅವಳು ನನ್ನ ಒಂದು ಕೈಯಲ್ಲಿದ್ದ ಸೂಟ್‌ಕೇಸನ್ನೂ ಇನ್ನೊಂದು ಕೈಗೆ ಬರಲಿದ್ದ ಹಂಡೆಯನ್ನೂ ನೋಡಿದಳು.

"ಅದನ್ಯಾಕ ಬಸ್ಸಿನ್ಯಾಗ ಎತ್ತಾಡ್ತೀರಿ? ನನ್ನ ಕಡೆ ಇರಲಿ ಬಿಡ್ರಿ. ಜೋಪಾನ ಇಡ್ತೇನಿ."

ಎಂಥ ಒಳ್ಳೆಯ ಹೆಂಗಸು ಎಂದುಕೊಂಡು ಕೊಟ್ಟುಬಿಟ್ಟೆ.

ಗುರುವಾರ ಸಂಜೆ: ಹಳಿಯಾಳ

ಹಂಡೆ ಬಸ್ಸಿನ ಹಿಂದಿನ ಬಾಗಿಲಲ್ಲಿ ಹಿಡಿಯಲಿಲ್ಲ, ಮುಂದಿನದರಲ್ಲಿ ಹಿಡಿಯಿತು. ಕಂಡಕ್ಟರು ಅದನ್ನು ನಡುದಾರಿಯಲ್ಲಿ ಇಡಿಸಿದ. ಮುಂದಿನ ಸ್ಟಾಪಿನಲ್ಲಿ ಹತ್ತಿದವರು ನನ್ನನ್ನು ಒಂದು ಮಾತೂ ಕೇಳದೆ ಅದರೊಳಗೆ ಚೀಲ ಇಟ್ಟರು. ಅದರ ಮುಂದಿನ ಸ್ಟಾಪಿನಲ್ಲಿ ಹತ್ತಿದ ಬಾಣಂತಿಯೊಬ್ಬಳು ಚೀಲಗಳ ಮೇಲೆ ಕಂಬಳಿ ಹಾಸಿ ತನ್ನ ಕೂಸನ್ನು ಮಲಗಿಸಿದಳು. ಹಳಿಯಾಳ ಬಂದಾಗ ನಾನು ಹಂಡೆ ಇಳಿಸುತ್ತೇನೆಂದರೆ ಇಡೀ ಬಸ್ಸು, "ಕೂಸು ಮಲಗೇತಿ, ತಡೀರಿ" ಎಂದು ನನ್ನ ಮೇಲೇ ರೇಗಿತು. ಚಾಲಕ ಇಂಜಿನ್ ನಿಲ್ಲಿಸಿ ಕಾದ. ನಮ್ಮ ಕಡೆ ಇಷ್ಟು ಹೊತ್ತು ಬಸ್ಸು ನಿಲ್ಲಬೇಕಾದರೆ ಯಾರಾದರೂ ಮಂತ್ರಿ ಹತ್ತಬೇಕು.

ಹಳಿಯಾಳದ ಸಂಘ ಅಂದರೆ ಗರಡಿ. ಪರಶುರಾಮ ಎಂಬ ಪೈಲ್ವಾನ ಅದರ ಮುಖ್ಯಸ್ಥ. ಹೊಲದ ಕೆಲಸ ಮುಗಿಸಿ ಸಂಜೆ ಬಂದು ಪುಕ್ಕಟೆಯಾಗಿ ಕುಸ್ತಿ ಕಲಿಸುತ್ತಾನೆ. ಹುಡುಗಿಯರೂ ಕಲಿಯುತ್ತಿದ್ದರು. ನಾನು ಹೋದಾಗ ಎಲ್ಲರೂ ಸೇರಿ ಅಖಾಡದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಕಲಸುತ್ತಿದ್ದರು. ಬೆಳಗಿನಿಂದ ಊಟ ಕಾಣದ ನನಗೆ ಆ ಮಣ್ಣಿನ ವಾಸನೆಗೇ ಬಾಯಲ್ಲಿ ನೀರೂರಿತು.

"ಹಗ್ಗ ಕೊಡಪ್ಪ, ಹೊರಡ್ತೀನಿ" ಎಂದೆ.

ಪರಶುರಾಮನ ತೋಳು ನನ್ನ ತೊಡೆಗಿಂತ ದಪ್ಪ. ಅಂಥವನು ತಲೆ ಕೆಳಗೆ ಹಾಕಿ ಕಾಲಿನಿಂದ ಮಣ್ಣು ಕೆದಕತೊಡಗಿದ. "ಸರ, ಸಿಟ್ಟಿಗೇಳಬ್ಯಾಡ್ರಿ. ನಾವು ಅದನ್ನ ಮರಕ್ಕ ಕಟ್ಟಿ ಹತ್ತೂದು ಇಳಿಯೂದು ಮಾಡ್ತಿದ್ವಿ. ಕುಂಬಾರವಾಡದವರು ಬಂದ್ರು. ಎಂಟ ದಿನಾ ಅಂತ ಒಯ್ದಾರ. ಇನ್ನೂ ಬಂದಿಲ್ಲ."

"ಮತ್ತೆ ಫೋನಲ್ಲಿ ಇಲ್ಲೇ ಇದೆ ಅಂದೆಯಂತೆ?"

"ಫೋನ್‌ದಾಗ ಹೆಂಗ ಹೇಳೂದ್ರಿ? ಕೇಳಲಾರದ ಕೊಟ್ಟೇವಿ. ಎದುರಿಗೆ ಬಂದವರಿಗೆ ಖರೇ ಹೇಳಬೇಕು ನೋಡ್ರಿ."

ಹೀಗೆ ಪರದೇಶದ ಮೊದಲ ರೀತಿನೀತಿ ತಿಳಿಯಿತು. ಅಲ್ಲಿ ಸತ್ಯ ಬೇಕಾದವರು ನಡೆದುಕೊಂಡೇ ಹೋಗಬೇಕು. ಕುಂಬಾರವಾಡಕ್ಕೆ ಫೋನ್ ಮಾಡೋಣವೆಂದರೆ ಅಲ್ಲಿ ಸಿಗ್ನಲ್ಲೇ ಇಲ್ಲವಂತೆ. ಪರಶುರಾಮ ರಾತ್ರಿ ನನಗೆ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಲೋಟ ತುಪ್ಪ ಕೊಟ್ಟ. ತುಪ್ಪವನ್ನು ಕುಡಿಯಬೇಕೆಂದು ಗೊತ್ತಾಗದೆ ಕೈಗೆ ಹಚ್ಚಿಕೊಳ್ಳಲೇ ಎಂದು ಕೇಳಿದೆ. ಇಡೀ ಗರಡಿ ಬಿದ್ದು ಬಿದ್ದು ನಕ್ಕಿತು.

ಶುಕ್ರವಾರ: ಕುಂಬಾರವಾಡ

ಈಗ ನನ್ನ ಕಂಕುಳಲ್ಲಿ ಕುಂಬಾರವಾಡದವರ ಒತ್ತೆ, ಒಂದು ಗುಮಟೆ. ಮಣ್ಣಿನ ಮಡಕೆಗೆ ಎರಡು ಬಾಯಿ, ಒಂದು ಬಾಯಿಗೆ ಆಡಿನ ಚರ್ಮ ಬಿಗಿದಿರುತ್ತದೆ. ಬಡಿದರೆ ಗುಂ ಎನ್ನುತ್ತದೆ, ಬಿದ್ದರೆ ಆ ಗುಂ ಕೂಡ ಇಲ್ಲ. ಹಂಡೆ ಭಾರವಾದರೂ ಎಲ್ಲಿ ಬೇಕಾದರೂ ಕುಕ್ಕಬಹುದಿತ್ತು. ಇದು ಹಗುರವಾದರೂ ನನ್ನ ಉಸಿರು ಕಟ್ಟಿಸಿತು. ದಾಂಡೇಲಿಯಲ್ಲಿ ಬಸ್ಸು ಬದಲಿಸಿ, ಜೋಯಿಡಾದಲ್ಲಿ ಇನ್ನೊಂದಕ್ಕೆ ಎರಡೂವರೆ ತಾಸು ಕಾದೆ. ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೆ, "ಬಂದಾಗ ಬರ್ತದ" ಎಂದು ಒಬ್ಬರು ಹೇಳಿದರು. ಆ ಬಸ್ಸು ತಿರುವುಗಳಲ್ಲಿ ಕುಲುಕಿದಾಗಲೆಲ್ಲ ನಾನು ಗುಮಟೆಯನ್ನು ಎದೆಗವಚಿಕೊಂಡೆ. ಪಕ್ಕದ ಮುದುಕಿ ಸ್ವಲ್ಪ ಹೊತ್ತು ಸಹಿಸಿ, ಕೊಂಕಣಿಯಲ್ಲಿ ಬೈದು, ಅದನ್ನು ನನ್ನ ಕೈಯಿಂದ ಕಸಿದು ತನ್ನ ಮಡಿಲಲ್ಲಿಟ್ಟುಕೊಂಡು ನಿದ್ದೆಹೋದಳು. ಗುಮಟೆಗೆ ಏನೂ ಆಗಲಿಲ್ಲ.

ಕುಂಬಾರವಾಡದ ಸಂಘವನ್ನು ನಡೆಸುವವಳು ಸುಲಭಾ, ಇಪ್ಪತ್ನಾಲ್ಕರ ಹುಡುಗಿ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಮರಾಠಿ ಬೆರೆತ ಕನ್ನಡ. ಅವರ ಸಂಘ ಮಳೆಗಾಲ ಮುಗಿದ ಕೂಡಲೇ ಹಳ್ಳ ದಾಟಲು ಮರದ ಕಾಲುಸಂಕ ಕಟ್ಟುತ್ತದೆ. ಭತ್ತದ ಕೊಯ್ಲಿಗೆ ಸರದಿಯ ಮೇಲೆ ಎಲ್ಲರ ಗದ್ದೆಗೆ ಹೋಗುತ್ತದೆ. ಅಜ್ಜಿಯರನ್ನು ಕೂರಿಸಿಕೊಂಡು ಕಾಡಿನ ಗೆಡ್ಡೆಗೆಣಸುಗಳ ಹೆಸರು ಬರೆದುಕೊಳ್ಳುತ್ತದೆ. ಅವಳು ನನಗೆ ಬೇಯಿಸಿದ ಗೆಣಸುಗಳನ್ನು ಒಂದೊಂದಾಗಿ ಕೊಟ್ಟು ಹೆಸರು ಹೇಳಿಸಿದಳು. ತಪ್ಪು ಹೇಳಿದರೆ ಇನ್ನೊಂದು ತಿನ್ನಬೇಕಿತ್ತು. ನಾನು ಬೇಕೆಂದೇ ತಪ್ಪು ಹೇಳುತ್ತ ಹೊಟ್ಟೆ ತುಂಬಿಸಿಕೊಂಡೆ.

"ಹಗ್ಗ ತೋರಿಸಮ್ಮ" ಎಂದಾಗ ಅವಳು ಹಳ್ಳದ ಕಡೆ ಕರೆದುಕೊಂಡು ಹೋಗಿ ಸಂಕ ತೋರಿಸಿದಳು. "ಈ ದಿಮ್ಮಿ ಬಿದ್ದ ಮರದ್ದು ಸಾಹೇಬ. ಆ ಹಗ್ಗದಲ್ಲೇ ಎಳೆದು ತಂದ್ವಿ. ಸಂಕ ಕಟ್ಟಲಿಕ್ಕೆ ಟಿಬೆಟನ್ ಕಾಲೊನಿಯ ಹುಡುಗರು ಮುಂಡಗೋಡದಿಂದ ಬಂದಿದ್ರು. ಹೋಗುವಾಗ ಅವರೇ ತಗೊಂಡು ಹೋದ್ರು."

ನಾನು ಸಂಕದ ಮೇಲೇ ಕುಳಿತುಬಿಟ್ಟೆ. ಅವಳು ಸಮಾಧಾನ ಮಾಡುವಂತೆ, "ಅವರ ಒತ್ತೆ ಇದೆಯಲ್ಲ, ಭಾರೀ ಚಂದ ಇದೆ" ಎಂದಳು. ಅದು ಬಿಳಿ ಬಟ್ಟೆಯ ಮೇಲೆ ನೀಲಿ ಚಿತ್ತಾರ ಹೊಲಿದ ಒಂದು ಇಡೀ ಡೇರೆ. ಮಡಚಿದರೂ ಒಂದು ಸಣ್ಣ ಎಮ್ಮೆಕರುವಿನಷ್ಟಿತ್ತು. ನಾಲ್ಕು ದಿನಕ್ಕೆಂದು ಸರೋಜ ಇಸ್ತ್ರಿ ಮಾಡಿಕೊಟ್ಟ ಬಟ್ಟೆಗಳು ಯಾರ ಮನೆಯಲ್ಲೋ, ನಾನು ಎರಡು ದಿನದ ಬೆವರಿನ ಅಂಗಿಯಲ್ಲಿ. ಜಸಿಂತಾ ಸೂಟ್‌ಕೇಸನ್ನು ಎಷ್ಟು ಜೋಪಾನವಾಗಿ ಇಟ್ಟಿರಬಹುದೋ ಎಂದು ಅವಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಶನಿವಾರ: ಟಿಬೆಟನ್ ಕಾಲೊನಿ

ಮೊದಲ ಬಸ್ಸಿಗೆ ಹೊರಟು, ನಾಲ್ಕು ಬಸ್ಸು ಬದಲಿಸಿದೆ. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಡೇರೆಯನ್ನು ತಲೆಮೇಲೆ ಹೊತ್ತು ಓಡುತ್ತಿದ್ದಾಗ ಒಬ್ಬ, "ಸರ್ಕಸ್ ಎಲ್ಲೆ ಬಂದೈತ್ರಿ?" ಎಂದು ಕೇಳಿದ.

ಕಾಲೊನಿ ಮುಟ್ಟಿದಾಗ ಮಧ್ಯಾಹ್ನ ಮೂರು. ನಾನು ಪರದೇಶ ಎಂದದ್ದು ಇದಕ್ಕೇ ಎಂದು ಮೂಲೆ ಮನೆಯವರ ಬಾಯಿ ಮುಚ್ಚಿಸಬಹುದು. ಕೆಂಪು ನಿಲುವಂಗಿಯ ಸನ್ಯಾಸಿಗಳು, ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳು, ಅಂಗಳದಲ್ಲೆಲ್ಲ ಒಣಹಾಕಿದ ಗೋವಿನಜೋಳ. ಕೈಸನ್ನೆ ಮಾಡಿಕೊಂಡೇ ಮಾತಾಡಬೇಕೇನೋ ಎಂದು ಸಿದ್ಧನಾದೆ. ಅಷ್ಟರಲ್ಲಿ ಸಂಘದ ಮುಖಂಡ ತೆಂಜಿನ್ ಬಂದು, "ಬರ್ರಿ ಸರ, ದಣಿದೀರಿ. ಕುಂದರ್ರಿ, ಚಹಾ ಕುಡೀರಿ" ಎಂದ. ಅವನ ಧಾರವಾಡ ಕನ್ನಡದ ಎದುರು ನನ್ನ ಮಳವಳ್ಳಿ ಕನ್ನಡವೇ ಪರಭಾಷೆಯಂತೆ ಕೇಳಿಸಿತು.

ಇವರ ಸಂಘ ಫುಟ್‌ಬಾಲ್ ಆಡುತ್ತದೆ. ಕೈಲಾಗದ ವಯಸ್ಸಾದವರ ಜೋಳವನ್ನು ಸರದಿಯಲ್ಲಿ ಬಿಡಿಸಿಕೊಡುತ್ತದೆ. ವಾರಕ್ಕೆರಡು ಸಲ ಹಿರಿಯರಿಗೆ ಕನ್ನಡದ ಪಾಠ, ಸಂತೆಯಲ್ಲಿ ಚೌಕಾಸಿ ಮಾಡಲು ಬೇಕಾಗುವಷ್ಟು. ಆವತ್ತಿನ ಪಾಠಕ್ಕೆ ನನ್ನನ್ನು ಎದುರಿಗೆ ಕೂರಿಸಿದರು. ನಾನು ವ್ಯಾಪಾರಿ, ಅಜ್ಜಿಯರು ಗಿರಾಕಿಗಳು. ಒಬ್ಬ ಅಜ್ಜಿ ನನ್ನ ಬದನೆಕಾಯಿ ಹುಳುಕೆಂದು ಎಷ್ಟು ಚೆನ್ನಾಗಿ ಜಗಳ ತೆಗೆದಳೆಂದರೆ, ಇಲ್ಲದ ಬದನೆಕಾಯಿಯನ್ನು ನಾನು ಪುಕ್ಕಟೆ ಕೊಟ್ಟು ಎದ್ದೆ.

ಡೇರೆ ಒಪ್ಪಿಸಿ ಹಗ್ಗ ಕೇಳಿದೆ. ತೆಂಜಿನ್ ಡೇರೆಯನ್ನು ಬಿಚ್ಚಿ, ಹೊಲಿಗೆ ನೋಡಿ, ಮಡಚಿಟ್ಟು ಹೇಳಿದ. "ಹಗ್ಗ ಗುರುವಾರ ಸಂಜಿಕೇನ ಹೋತಲ್ರಿ ಸರ. ಜಸಿಂತಾ ಅಕ್ಕ ಒಯ್ದಾಳ. ಆಕಿ ಇಲ್ಲೆ ಜೋಳದ ಕೆಲಸಕ್ಕ ಬರ್ತಾಳ. ಹಗ್ಗ ನಮ್ಮ ಕಡೆ ಇದ್ದದ್ದು ಆಕಿಗೆ ಮೊದಲಿಂದ ಗೊತ್ತಿತ್ತು."

ಗುರುವಾರ ಬೆಳಿಗ್ಗೆ ನನ್ನೆದುರು ನಿಂತು ಹಗ್ಗ ತರ್ರಿ ಎಂದವಳಿಗೆ ಹಗ್ಗ ಎಲ್ಲಿದೆ ಎಂದು ಆಗಲೇ ಗೊತ್ತಿತ್ತು!

"ಒತ್ತೆ ಏನಿಟ್ಟಳು?"

"ಚಲೋ ಸಾಮಾನು ಇಟ್ಟಾಳ್ರಿ" ಎಂದು ಅವನು ಕಪಾಟು ತೆರೆದ. ಒಳಗೆ ಜರಿಯ ಬಟ್ಟೆಯ ಮೇಲೆ ದೇವರ ಪೆಟ್ಟಿಗೆಯ ಹಾಗೆ ನನ್ನ ನೀಲಿ ಸೂಟ್‌ಕೇಸು ಕುಳಿತಿತ್ತು. ಪುಟ್ಟಸ್ವಾಮಿ, ಡ್ರಿಲ್ ಮೇಷ್ಟ್ರು, ಮಳವಳ್ಳಿ.

ಅದು ನನ್ನದು ಎಂದು ಕೂಗಿಕೊಂಡೆ. ತೆಂಜಿನ್ ಮುಚ್ಚಳ ಓದಿದ, ನನ್ನ ಮುಖ ನೋಡಿದ. "ಹೆಸರು ನಿಮ್ಮದೈತಿ, ಖರೆ. ಆದ್ರ ಇಟ್ಟವರು ನೀವಲ್ಲ. ಹಗ್ಗ ಬರಲಿ, ಕೊಡ್ತೇವಿ." ಒಂದು ಅಂಗಿಯನ್ನಾದರೂ ತೆಗೆದುಕೊಳ್ಳುತ್ತೇನೆ ಎಂದೆ. "ಒತ್ತೆ ಸಾಮಾನು ನಾವೂ ತೆರೆಯೂದಿಲ್ಲ, ನೀವೂ ತೆರೆಯೂ ಹಂಗಿಲ್ಲ" ಎಂದು ಕಪಾಟು ಮುಚ್ಚಿದ. ಆಮೇಲೆ ನನ್ನ ಸ್ಥಿತಿ ನೋಡಿ ಕನಿಕರವಾಗಿ ತಮ್ಮ ಫುಟ್‌ಬಾಲ್ ತಂಡದ ಹಳದಿ ಬನಿಯನ್ ಕೊಟ್ಟ. ಹಿಂದೆ ಒಂಬತ್ತು ಎಂದು ಬರೆದಿತ್ತು.

ಶನಿವಾರ ಸಂಜೆ: ಜಸಿಂತಾಳ ಊರು

ತೆಂಜಿನ್ ಜೋಳ ಸಾಗಿಸುವ ಪಿಕಪ್ಪಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಬೈಗುಳ ಜೋಡಿಸಿಕೊಂಡೆ. ಇನ್ನೂ ಬಿಸಿಲಿತ್ತು. ಊರ ಮುಂದಿನ ಬಯಲಿನಲ್ಲಿ ಹಗ್ಗದ ಒಂದು ತುದಿಯನ್ನು ಮತ್ತಿಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಎಂಟು ಹೆಂಗಸರು ಜಗ್ಗುತ್ತಿದ್ದರು. ಜಸಿಂತಾ ಎಲ್ಲರಿಗಿಂತ ಹಿಂದೆ, ಹಗ್ಗವನ್ನು ಬೆನ್ನಿಗೆ ಸುತ್ತಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತಿದ್ದಳು. ನನ್ನನ್ನು ಕಂಡು ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಹಗ್ಗ ಕೆಳಗಿಟ್ಟು ಬಂದಳು.

"ನನ್ನನ್ನು ಮೂರು ದಿನ ಹಂಡೆ ಹೊರಿಸಿ, ಡೇರೆ ಹೊರಿಸಿ, ನೀನಿಲ್ಲಿ ತಾಲೀಮು ಮಾಡ್ತಿದ್ದೀಯಲ್ಲಮ್ಮ? ನಿಯಮ ಗೊತ್ತಲ್ಲ? ನಿನ್ನ ತಂಡ ಹೊರಗೆ."

"ಹೌದ್ರಿ ಸರ. ತಪ್ಪು ನಂದೈತಿ. ಒಂದು ಮಾತು ಕೇಳ್ತೀರೇನು?"

ಬೇಡ ಎನ್ನಬೇಕೆಂದಿದ್ದೆ. ಕೇಳಿದೆ.

"ಅಂಬೇವಾಡಿ ಹೆಂಗಸರು ಈ ಹಗ್ಗ ಎರಡ ತಿಂಗಳು ಜಗ್ಗ್ಯಾರ. ಹಳಿಯಾಳದವರು ಹತ್ತಿ ಇಳದಾರ. ಕುಂಬಾರವಾಡದವರು ಮರಾ ಎಳದಾರ. ನಮಗ ಮೂರು ವರ್ಷದಾಗ ಒಂದ ದಿನಾನೂ ಸಿಕ್ಕಿಲ್ಲ. ಕೇಳಾಕ ಹೋದ್ರ, ಒತ್ತೆ ಏನಿಡ್ತೀರಿ ಅಂತಾರ. ಏನಿಡೂಣ್ರಿ? ಡಮಾಮಿ ಡೋಲು ಐತಿ, ಅದು ಹಿರೇರದು, ಸಂಘದ್ದಲ್ಲ. ಕಾಡಿನ ಬಳ್ಳಿ ಕಡದು ತಾಲೀಮು ಮಾಡಿದ್ವಿ. ಹರದು ಎಲ್ಲಾರೂ ಬಿದ್ವಿ" ಎಂದು ಮೊಣಕೈ ತೋರಿಸಿದಳು. ಗಾಯ ಇನ್ನೂ ಮಾಗಿರಲಿಲ್ಲ. "ನಿಮ್ಮ ಸೂಟ್‌ಕೇಸು ಇಟ್ಟು ಎರಡ ದಿನಾ ಜಗ್ಗೂಣು, ರವಿವಾರ ನಾವ ಹಗ್ಗ ತರೂಣು ಅಂದ್ಕೊಂಡಿದ್ವಿ."

ಒಳಗೆ ಹೋಗಿ ಸಂಘದ ರಿಜಿಸ್ಟರ್ ತಂದು ನನ್ನ ಕೈಗೆ ಕೊಟ್ಟಳು. ಮಾಡಿದ ಕೆಲಸಗಳ ಪುಟಗಳು ಭರ್ತಿಯಾಗಿದ್ದವು. ಕಾಡುದಾರಿಯಲ್ಲಿ ಶಾಲೆಯ ಮಕ್ಕಳ ಜೊತೆ ದಿನಕ್ಕಿಬ್ಬರು ನಡೆದು ಹೋಗುವುದು, ಬಾಣಂತಿಯರ ಮನೆಯಲ್ಲಿ ಸರದಿಯಂತೆ ಕೂರುವುದು, ಬಾವಿ ತೊಳೆಯುವುದು, ಅರ್ಜಿ ಬರೆದುಕೊಡುವುದು. ಒಂದಕ್ಕೂ ಸಾಮಾನು ಬೇಕಾಗುವಂತಿರಲಿಲ್ಲ. 'ಸಂಘದ ಸಾಮಾನು' ಎಂದು ತಲೆಬರಹ ಬರೆದ ಪುಟ ಬಿಳಿಯಾಗಿತ್ತು.

ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ದಂಡವಾಯಿತು. ನನಗೆ ನಾಚಿಕೆಯಾಯಿತು. ಮೂರು ದಿನ ಎಲ್ಲರ ಒತ್ತೆಯನ್ನೂ ತಲೆಮೇಲೆ ಹೊತ್ತು ತಿರುಗಿದ್ದೆ. ಒತ್ತೆ ಇಡಲು ಏನೂ ಇಲ್ಲದವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಹಾಗಂತ ನಿಯಮ ನಿಯಮವೇ, ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟದ್ದೂ ಅದನ್ನೇ. ನಾಳೆ ಹೇಳುತ್ತೇನೆ ಎಂದಷ್ಟೇ ಅಂದೆ. ಅವಳು ಹಗ್ಗವನ್ನು ಸುತ್ತಿ, ಮಣ್ಣು ಒರೆಸಿ, ಪಿಕಪ್ಪಿನಲ್ಲಿಟ್ಟಳು. ಪಂದ್ಯ ಮುಗಿದು ಹಗ್ಗ ಕಾಲೊನಿಗೆ ಮರಳುವ ತನಕ ಸೂಟ್‌ಕೇಸು ಕೊಡುವಂತಿಲ್ಲ ಎಂದ ತೆಂಜಿನ್.

ರವಿವಾರ: ಮತ್ತೆ ಅಂಬೇವಾಡಿ

ಐದೂ ಸಂಘದವರು ಮೈದಾನದಲ್ಲಿ ಸೇರಿದ್ದರು. ಹಳದಿ ಬನಿಯನ್ನಿನ ಒಂಬತ್ತನೇ ನಂಬರಿನ ತೀರ್ಪುಗಾರನನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದರು. ಸೀಟಿ ಸೂಟ್‌ಕೇಸಿನಲ್ಲಿತ್ತು. ಬಸವರಾಜ ಬಸ್‌ಸ್ಟ್ಯಾಂಡಿಗೆ ಹೋಗಿ ಒಬ್ಬ ಕಂಡಕ್ಟರಿನ ಸೀಟಿ ತಂದ, ತನ್ನ ಕೈಗಡಿಯಾರ ಒತ್ತೆ ಇಟ್ಟು.

ನಾನು ಮೈಕು ಹಿಡಿದೆ. ಜಸಿಂತಾ ತನ್ನ ತಂಡದ ಮುಂದೆ ತಲೆತಗ್ಗಿಸದೆ ನಿಂತಿದ್ದಳು. ಅವಳ ತುಟಿ ಮಾತ್ರ ಒಣಗಿತ್ತು.

"ಹಗ್ಗದ ವಿಚಾರಣೆ ಮುಗಿದಿದೆ" ಎಂದು ಶುರುಮಾಡಿದೆ. "ಹಳಿಯಾಳದವರು ಕೇಳದೆ ಹಗ್ಗವನ್ನು ಬೇರೆಯವರಿಗೆ ಕೊಟ್ಟರು, ಫೋನಿನಲ್ಲಿ ಸುಳ್ಳು ಹೇಳಿದರು. ಹೊರಗೆ. ಕುಂಬಾರವಾಡದವರು ಪಂದ್ಯದ ಹಗ್ಗದಲ್ಲಿ ದಿಮ್ಮಿ ಎಳೆದರು. ಹೊರಗೆ. ಕಾಲೊನಿಯವರು ಕೊನೆಯ ವಾರದಲ್ಲಿ ಹಗ್ಗ ಹೊರಗೆ ಬಿಟ್ಟರು, ಅದೂ ತೀರ್ಪುಗಾರನ ಸೂಟ್‌ಕೇಸನ್ನು ಒತ್ತೆ ಹಿಡಿದು. ಹೊರಗೆ. ಜಸಿಂತಾಳ ತಂಡ ಆ ವಾರದಲ್ಲೇ ತಾಲೀಮು ಮಾಡಿದೆ. ಹೊರಗೆ. ಅಂಬೇವಾಡಿಯವರು ಹಗ್ಗ ಎಲ್ಲಿದೆ ಎಂದು ಕಣ್ಣಾರೆ ನೋಡದೆ, ಫೋನಿನ ಮಾತು ನಂಬಿ ಒಬ್ಬ ಮುದುಕನಿಗೆ ಹಂಡೆ ಹೊರಿಸಿದರು. ಹೊರಗೆ. ಈಗ ಉಳಿದಿರುವವನು ನಾನೊಬ್ಬ. ಎರಡೂ ತುದಿ ನಾನೇ ಹಿಡಿದು ಜಗ್ಗಿಕೊಳ್ಳುತ್ತೇನೆ, ಗೆದ್ದವನಿಗೆ ನೀವೆಲ್ಲ ಹಾರ ಹಾಕಿ."

ಪೈಲ್ವಾನ ಪರಶುರಾಮ ಮತ್ತೆ ಕಾಲಿನಿಂದ ಮಣ್ಣು ಕೆದಕತೊಡಗಿದ. ಕೊನೆಗೆ ಅಂಬೇವಾಡಿ ಹೆಂಗಸರ ತಂಡದ ನಾಯಕಿ ಶಾಂತವ್ವ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

"ಆತು ಬಿಡ್ರಿ ಮಾಸ್ತರ. ಎಲ್ಲಾರೂ ಕಳ್ಳರ ಆದ್ರ ಯಾರನ್ನ ಹೊರಗ ಹಾಕ್ತೀರಿ? ನಾವು ಎರಡ ತಿಂಗಳು ಜಗ್ಗೇವಿ, ಅವರು ಎರಡ ದಿನಾ. ಅಷ್ಟಕ್ಕ ಅಂಜಿ ನಿಂತ್ವಿ ಅಂದ್ರ ಮಂದಿ ನಗ್ತಾರ. ಜಗ್ಗೂಣು ಬರ್ರಿ."

ಹೂಂ ಎಂದರು ಎಲ್ಲರೂ. ತೀರ್ಪುಗಾರಿಕೆಯಲ್ಲಿ ನಾನು ಮಾಡಿದ ಮೊದಲ ಕಿತಾಪತಿ ಅದು. ಆ ಕ್ಷಣಕ್ಕೆ ಬಹಳ ಸಂತೋಷವಾಯಿತು, ಈಗಲೂ ಇದೆ.

ಹೆಂಗಸರ ಪಂದ್ಯವನ್ನೇ ಮೊದಲಿಟ್ಟೆ. ಮೊದಲ ವರ್ಷವಾದ್ದರಿಂದ ತಂಡಗಳು ಎರಡೇ, ಅಂಬೇವಾಡಿಯದು ಮತ್ತು ಜಸಿಂತಾಳದು. ಮೊದಲ ಜಗ್ಗಾಟ ಅಂಬೇವಾಡಿಗೆ ಹೋಯಿತು. ಎರಡನೆಯದರಲ್ಲಿ ಜಸಿಂತಾ ಹಿಂದಿನಿಂದ ಒಂದೇ ಸಮನೆ ಕೂಗು ಹಾಕುತ್ತ ಹೆಜ್ಜೆ ಹೆಜ್ಜೆಗೂ ಎಳೆದು ಗೆದ್ದಳು. ಅವಳ ಊರಿನವರು ಡಮಾಮಿ ಬಡಿದದ್ದಕ್ಕೆ ನನ್ನ ಸೀಟಿ ನನಗೇ ಕೇಳಿಸಲಿಲ್ಲ. ಮೂರನೆಯದರಲ್ಲಿ ಹಗ್ಗದ ನಡುವಿನ ಕೆಂಪು ಬಟ್ಟೆ ಬಹಳ ಹೊತ್ತು ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಒಂದು ಸಲ ಒಂದು ಗೇಣು ಜಸಿಂತಾಳ ಕಡೆ ಬಂದಿತು. ಸೀಟಿ ಊದಿಬಿಡಲೇ ಎನಿಸಿತು. ಊದಲಿಲ್ಲ. ಆಮೇಲೆ ಅವಳ ತಂಡದ ಒಬ್ಬಳ ಕಾಲು ಜಾರಿತು, ಎಂಟೂ ಜನ ಗೆರೆಯ ಆಚೆ ಎಳೆಸಿಕೊಂಡು ಹೋದರು. ಅಂಬೇವಾಡಿ ಗೆದ್ದಿತು.

ಜಸಿಂತಾ ನೆಲದ ಮೇಲೆ ಕುಳಿತು ತನ್ನ ಅಂಗೈಗಳನ್ನು ನೋಡಿಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದು ಬಂದಳು. "ಸೋತ್ವಿ ಸರ. ಆದ್ರ ಜಗ್ಗಿದ್ವಿ. ನಾಳೆ ಹಗ್ಗ ಒಯ್ದು ಕೊಟ್ಟು ನಿಮ್ಮ ಸೂಟ್‌ಕೇಸು ಬಿಡಿಸಿ ತರ್ತೇನಿ."

"ಯಾರ ಸೂಟ್‌ಕೇಸು?" ಎಂದೆ. ಅವಳ ರಿಜಿಸ್ಟರ್ ಇಸಿದುಕೊಂಡು ಆ ಬಿಳಿಯ ಪುಟದಲ್ಲಿ ಬರೆದೆ: ಒಂದು ನೀಲಿ ಸೂಟ್‌ಕೇಸು, ಒಳಗಿನ ಸಾಮಾನು ಸಮೇತ, ಸಂಘದ ಸ್ವಂತದ್ದು. ಕೆಳಗೆ ಸಹಿ ಹಾಕಿದೆ. "ಒತ್ತೆ ಅಲ್ಲೇ ಇರಲಿ. ಹಗ್ಗ ನಿಮ್ಮೂರಿಗೆ ಹೋಗಲಿ." ಅವಳು ಪುಟವನ್ನು ಎರಡು ಸಲ ಓದಿದಳು. ನನ್ನ ಹಳದಿ ಬನಿಯನ್ನಿನ ತೋಳು ಹಿಡಿದು ಜೋರಾಗಿ ಅತ್ತಳು. ನಾನೂ ಅತ್ತೆ.

ಮಳವಳ್ಳಿ

ಬರಿಗೈಯಲ್ಲಿ ಬಂದವನನ್ನು ನೋಡಿ ಸರೋಜ ಮೊದಲು ಕೇಳಿದ್ದು ಸೂಟ್‌ಕೇಸನ್ನು. ಎಲ್ಲವನ್ನೂ ಹೇಳಿದೆ. ತವರಿನದು ಎಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಆ ಹುಡುಗಿ ಉಪ್ಪಿನಕಾಯಿಯನ್ನಾದರೂ ತಿಂದಳಾ?" ಎಂದು ಕೇಳಿದಳು. ಒತ್ತೆ ಸಾಮಾನು ತೆರೆಯುವಂತಿಲ್ಲ ಎಂದು ನೆನಪಿಸಿದೆ.

ಮೊನ್ನೆ ಜಸಿಂತಾ ಫೋನ್ ಮಾಡಿದ್ದಳು. ಅವಳ ಹೆಸರು ರಿಜಿಸ್ಟರಿನಿಂದ ಹೋಗಿದೆಯಂತೆ. ಆದರೆ ಸಂಜೆ ಬಯಲಿನಲ್ಲಿ ಹಗ್ಗ ಹಿಡಿಸಿ ತಾಲೀಮು ಮಾಡಿಸುವವಳು ಅವಳೇ. ಹದಿನಾರು ಹುಡುಗಿಯರು ಬರುತ್ತಿದ್ದಾರಂತೆ.

"ಈ ವರ್ಷಾನೂ ತೀರ್ಪುಗಾರ ನೀವ ಸರ. ಐದೂ ಸಂಘದವರು ಒಪ್ಯಾರ" ಎಂದಳು. ಆಮೇಲೆ ದನಿ ತಗ್ಗಿಸಿ, "ತಾಲೀಮು ಮುಗಿಯೂದರಾಗ ಎಲ್ಲಾರಿಗೂ ಹಸಿವು ಆಗ್ತೈತ್ರಿ. ಹಳಿಯಾಳದವರ ಹಂಡೆ ಸಿಕ್ಕರ ಚಲೋ ಆಗ್ತಿತ್ತು. ಒತ್ತೆ ಇಡಾಕ ನಮ್ಮ ಕಡೆ ಮತ್ತೇನೂ ಇಲ್ಲ. ಬರೂ ಮುಂದ ಇನ್ನೊಂದು ಸೂಟ್‌ಕೇಸು ತರ್ರಿ" ಎಂದಳು.

ಅಟ್ಟದಿಂದ ಹಳೇ ಟ್ರಂಕು ಇಳಿಸಿ ಒರೆಸಿದೆ. ಸರೋಜ ಎರಡು ಬಾಟಲಿ ಉಪ್ಪಿನಕಾಯಿ ಇಟ್ಟಿದ್ದಾಳೆ, ಒಂದನ್ನು ಟ್ರಂಕಿನ ಒಳಗೆ, ಇನ್ನೊಂದನ್ನು ಹೊರಗೆ. ಈ ಸಲ ಮುಚ್ಚಳದ ಮೇಲೆ ಹೆಸರು ಬರೆಸಿಲ್ಲ.